ಎರಡನೇ ಭಾಗದ ಏಟುಗಳು

ಮೊದಲನೇ ಭಾಗವನ್ನು ನಾನು ನೋಡಿದ್ದು ಬಳ್ಳಾರಿಯ ಒಂದು ಟಾಕೀಸಿನಲ್ಲಿ, ಭಾನುವಾರದ ಬೆಳಗಿನ ಆಟಕ್ಕೆ. ಎಂಬತ್ತರ ದಶಕದ ಮಾತು. ಆಗ ನಾನು ಊರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಗಾಂಧಿನಗರದ ಮನೆಯೊಂದರ ಹಿಂಬದಿಯ ಎರಡು ಕೋಣೆಗಳಲ್ಲಿ ಇಬ್ಬರು ಮಲಯಾಳಿ ನರ್ಸುಗಳ ಜೊತೆ ಬಾಡಿಗೆಗಿದ್ದೆ. ಮಂಗಳೂರಿನಲ್ಲಿ ತರಬೇತಿ ಪಡೆಯುವಾಗಲೂ ನಮ್ಮ ಹಾಸ್ಟೆಲಿನ ತುಂಬ ಆ ಕಡೆಯ ಹುಡುಗಿಯರೇ ಇದ್ದರು. ಅವರ ಹರಟೆ, ಜಗಳ, ಅಳು ಎಲ್ಲವೂ ಕಿವಿಗೆ ಬಿದ್ದು ಬಿದ್ದು ಮಲಯಾಳ ನನಗೆ ತೆಲುಗಿನಷ್ಟೇ ಸಲೀಸಾಗಿತ್ತು. ಕುರುಗೋಡಿನಲ್ಲಿ ಹುಟ್ಟಿದ ಹೆಣ್ಣಿಗೆ ತೆಲುಗನ್ನು ಯಾರೂ ಕಲಿಸಬೇಕಾಗಿಲ್ಲ. ಮಲಯಾಳ ಮಾತ್ರ ಹೀಗೆ ಪುಕ್ಕಟೆಯಾಗಿ ಬಂದದ್ದು.

ಅದೊಂದು ಪೊಲೀಸ್ ಸಿನಿಮಾ. ಕೋರ್ಟು, ಕಾಯಿದೆ ಎಂದರೆ ಉರಿದು ಬೀಳುವ ಒಬ್ಬ ಇನ್ಸ್‌ಪೆಕ್ಟರ್. ಕಳ್ಳಸಾಗಣೆಯ ಗುಂಪೊಂದು ಅವನ ತಂಗಿಯನ್ನು ಕೊಲ್ಲುತ್ತದೆ. ಅವನು ಆ ಗುಂಪಿನವರನ್ನು ಒಬ್ಬೊಬ್ಬರಾಗಿ ಹಿಡಿದು ಲಾಕಪ್ಪಿಗೆ ತಂದು ಬಡಿಯುತ್ತಾನೆ, ಕೊನೆಗೆ ನಾಯಕನನ್ನು ಸೇತುವೆಯ ಮೇಲಿಂದ ಹೊಳೆಗೆ ಎಸೆಯುತ್ತಾನೆ. ರೈಲ್ವೆಯವರು, ಟೈರಿನಂಗಡಿಯವರು, ಚಹಾದಂಗಡಿ ಇಟ್ಟವರು, ಬಳ್ಳಾರಿಯಲ್ಲಿದ್ದ ಮಲಯಾಳಿಗಳೆಲ್ಲ ಆ ಬೆಳಗಿನ ಆಟಕ್ಕೆ ಬಂದಿದ್ದರು. ಲಾಕಪ್ಪಿನ ದೃಶ್ಯ ಬಂದಾಗ ಒಂದೊಂದು ಏಟಿಗೂ ಶಿಳ್ಳೆ ಬೀಳುತ್ತಿತ್ತು. ನನ್ನ ಪಕ್ಕದಲ್ಲಿ ಕುಳಿತ ಗೆಳತಿ ಮಕ್ಕಳಿಗೆ ಸೂಜಿ ಚುಚ್ಚುವಾಗ ತಾನೇ ಮುಖ ಹಿಂಡಿಕೊಳ್ಳುವವಳು. ಅವಳು ಅವತ್ತು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು, "ಕೊಡು, ಇನ್ನೊಂದು ಕೊಡು" ಎನ್ನುತ್ತಿದ್ದಳು. ನನಗೂ ಖುಷಿಯಾಗಿತ್ತು. ಹೊರಗೆ ಬಂದು ಬ್ರೂಸ್‌ಪೇಟೆಯ ಕಡೆ ನಡೆಯುವಾಗ ನಾವು ಮೂವರೂ ಆ ಇನ್ಸ್‌ಪೆಕ್ಟರ್ ನಡೆದಂತೆ ಎದೆ ಮುಂದೆ ಮಾಡಿ ನಡೆದು ನಕ್ಕಿದ್ದು ನೆನಪಿದೆ.

ಒಂದೆರಡು ವರ್ಷ ಕಳೆದ ಮೇಲೆ ಅದರ ಎರಡನೇ ಭಾಗ ತೆಗೆಯಲು ಆ ಜನ ನಮ್ಮ ಸೀಮೆಗೇ ಬಂದರು. ಕಥೆಯಲ್ಲಿ ಹೊಳೆಗೆ ಬಿದ್ದು ಸತ್ತ ನಾಯಕನಿಗೆ ಒಬ್ಬ ತಮ್ಮನಿರುತ್ತಾನೆ. ಅವನು ಗುಂಪು ಕಟ್ಟಿಕೊಂಡು ಬೋಳುಗುಡ್ಡಗಳ ನಡುವೆ ಅಡಗಿರುತ್ತಾನೆ. ಇನ್ಸ್‌ಪೆಕ್ಟರ್ ಅವನನ್ನು ಹುಡುಕಿ ಬರುತ್ತಾನೆ. ಅವರ ನಾಡಿನಲ್ಲಿ ಎಲ್ಲಿ ನೋಡಿದರೂ ಹಸಿರು. ಬೋಳುಗುಡ್ಡಕ್ಕಾಗಿ ಕುರುಗೋಡಿಗೆ ಬಂದರು. ಸಿರುಗುಪ್ಪದ ಹತ್ತಿರ ಬಾಗಿಲು ಮುಚ್ಚಿದ್ದ ಒಂದು ಅಕ್ಕಿ ಗಿರಣಿಯನ್ನೂ ಗೊತ್ತು ಮಾಡಿಕೊಂಡಿದ್ದರು. ಕನ್ನಡ, ತೆಲುಗು, ಮಲಯಾಳ ಮೂರೂ ಬರುವವರು ಯಾರಾದರೂ ಬೇಕೆಂದು ಅವರ ಮ್ಯಾನೇಜರ್ ನನ್ನ ಗೆಳತಿಯರನ್ನು ಕೇಳಿದ. ಅವರು ನನ್ನ ಕಡೆ ಕೈ ತೋರಿಸಿದರು. ನರ್ಸ್ ಎಂದು ತಿಳಿದಾಗ ಅವನಿಗೆ ಇನ್ನೂ ಖುಷಿ. ಹೊಡೆದಾಟದ ಸಿನಿಮಾ, ಗಾಯ ಕಟ್ಟುವವರೂ ಬೇಕು. ನಾನು ರಜೆ ಹಾಕಿದೆ. ಸಿನಿಮಾ ಹೇಗೆ ತೆಗೆಯುತ್ತಾರೆ ಎಂದು ನೋಡುವ ಆಸೆ ಯಾರಿಗಿರುವುದಿಲ್ಲ?

ಅವರಿಗೆ ಕಥೆಯ ಆ ತಮ್ಮನ ಬಲಗೈ ಬಂಟನ ಪಾತ್ರಕ್ಕೆ ಒಬ್ಬ ಗಟ್ಟಿ ಆಳು ಬೇಕಿತ್ತು. ಬರಬೇಕಾದ ನಟ ಬಂದಿರಲಿಲ್ಲ. ಕುರುಗೋಡಿನ ಗರಡಿಯ ಮುಂದೆ ಜೀಪು ನಿಲ್ಲಿಸಿದಾಗ ಒಳಗಿಂದ ಮೈಗೆ ಕೆಮ್ಮಣ್ಣು ಮೆತ್ತಿಕೊಂಡೇ ಹೊರಬಂದ ಒಬ್ಬ ಪೈಲ್ವಾನನನ್ನು ಕಂಡು ನಿರ್ದೇಶಕರು ಜೀಪಿನಿಂದ ಇಳಿದುಬಿಟ್ಟರು. ಅವನು ನಮ್ಮ ಓಣಿಯವನು. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಅಕ್ಕಾ ಎಂದೇ ಕರೆಯುತ್ತಿದ್ದ. ಅಪ್ಪನ ಹೊಲ ಮಾಡುತ್ತ, ಸುಗ್ಗಿಯಲ್ಲಿ ಸಿರುಗುಪ್ಪದ ಗಿರಣಿಗಳಿಗೆ ಮೂಟೆ ಹೊರಲು ಹೋಗುತ್ತ, ಉಳಿದ ಹೊತ್ತೆಲ್ಲ ಗರಡಿಯಲ್ಲೇ ಇರುತ್ತಿದ್ದ. ಸುತ್ತಲ ಹಳ್ಳಿಗಳ ಕುಸ್ತಿಗಳಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಯಾರೂ ನೋಡಿರಲಿಲ್ಲ. ಹಿಂದಿನ ವರ್ಷವಷ್ಟೇ ಸಿರುಗುಪ್ಪದ ಕಡೆಯಿಂದ ಹೆಣ್ಣು ತಂದು ಮದುವೆಯಾಗಿದ್ದ. ಅವಳು ಮಾತಿನಲ್ಲಿ ಚುರುಕು, ಯಾರಿಗೂ ಅಂಜದವಳು.

"ಅಕ್ಕಾ, ಇವರು ನನ್ನ ಹೊಡೀತಾರೇನು?" ಎಂದು ಅವನು ಕೇಳಿದ.

"ಹೊಡದಂಗ ಮಾಡ್ತಾರ. ಹೊಡಿಯೂದಿಲ್ಲ," ಎಂದೆ. ಮ್ಯಾನೇಜರ್ ನನಗೆ ಹೇಳಿದ್ದೂ ಅದನ್ನೇ.

ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಹೊಡಿಸಿಕೊಳ್ಳಾಕ ಇಷ್ಟ್ ದಿನ ಹಾಲು ತುಪ್ಪ ತಿಂದ್ಯಾ ನೀನು," ಎಂದು ನಕ್ಕಳು. ಆದರೆ ಓಣಿಯಲ್ಲಿ ಮನೆ ಮನೆಗೂ ಹೇಳಿಕೊಂಡು ಬಂದವಳೂ ಅವಳೇ.

ಮೊದಲ ದಿನಗಳು ಚೆನ್ನಾಗಿಯೇ ಹೋದವು. ಗುಡ್ಡದ ಬಂಡೆಗಳ ಮೇಲೆ ಅವನನ್ನು ಓಡಿಸಿದರು, ಮರಳಿನ ಮೂಟೆಗಳ ಮೇಲೆ ಬೀಳಿಸಿದರು. ಮುಷ್ಟಿ ಗಲ್ಲದ ಹತ್ತಿರ ಬಂದಾಗ ತಲೆ ಹೇಗೆ ತಿರುಗಿಸಬೇಕೆಂದು ಫೈಟ್ ಮಾಸ್ಟರ್ ಹೇಳಿಕೊಟ್ಟ. ಪೈಲ್ವಾನನಿಗೆ ಅದು ಆಟದಂತೆ ಒಲಿಯಿತು. ಮಾತಿನದೊಂದೇ ತೊಂದರೆ. ಅವನಿಗೆ ಮಲಯಾಳದ ಒಂದು ಶಬ್ದವೂ ನಾಲಗೆಗೆ ಹತ್ತಲಿಲ್ಲ. ನಿರ್ದೇಶಕರು ನಗುತ್ತ, "ಅವನಿಗೆ ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಲು ಹೇಳು ಮಗಳೇ. ಬಾಯಿ ಆಡಿದರೆ ಸಾಕು, ದನಿ ಆಮೇಲೆ ಬೇರೆಯವರು ಕೊಡುತ್ತಾರೆ," ಎಂದರು. ಗರಡಿಯಲ್ಲಿ ಬಸ್ಕಿ ಹೊಡೆಯುವವನಿಗೆ ಎಣಿಸುವುದೇನು ಕಷ್ಟ. ಅವನು ಸಿಟ್ಟಿನಿಂದ ಎಣಿಸಿದ, ನಗುತ್ತ ಎಣಿಸಿದ, ಹೀರೋನ ಕಣ್ಣಲ್ಲಿ ಕಣ್ಣಿಟ್ಟು ಎಣಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಿರ್ದೇಶಕರು ಮೆತ್ತಗಿನ ಮನುಷ್ಯ. ಸಣ್ಣ ದನಿ, ತಲೆಗೆ ಬಟ್ಟೆಯ ಟೊಪ್ಪಿಗೆ. ಯಾರ ಮೇಲೂ ರೇಗಿದ್ದನ್ನು ನಾನು ಕಾಣಲಿಲ್ಲ. ಮುಂದೆ ನಡೆದದ್ದೆಲ್ಲ ಆ ಸಣ್ಣ ದನಿಯಲ್ಲೇ ನಡೆಯಿತು.

ಲಾಕಪ್ಪಿನ ದೃಶ್ಯವನ್ನು ಸಿರುಗುಪ್ಪದ ಹತ್ತಿರದ ಆ ಹಳೆಯ ಗಿರಣಿಯಲ್ಲಿ ತೆಗೆದರು. ಗೋಡೆಗೆ ಕಪ್ಪು ಬಳಿದು, ಕಟ್ಟಿಗೆಯ ಸರಳುಗಳಿಗೆ ಕಬ್ಬಿಣದ ಬಣ್ಣ ಹಚ್ಚಿ, ಒಂದು ಠಾಣೆಯನ್ನೇ ಮಾಡಿದ್ದರು. ಇನ್ಸ್‌ಪೆಕ್ಟರ್ ಬಂಟನನ್ನು ತೊಲೆಗೆ ಕಟ್ಟಿ ಬಡಿದು, ನಾಯಕನ ತಮ್ಮ ಎಲ್ಲಿದ್ದಾನೆಂದು ಬಾಯಿ ಬಿಡಿಸುವ ದೃಶ್ಯ. ಮೊದಲನೇ ಭಾಗ ಓಡಿದ್ದೇ ಲಾಕಪ್ಪಿನಿಂದ, ಎರಡನೆಯದು ಅದನ್ನು ಮೀರಬೇಕು ಎಂದು ಮ್ಯಾನೇಜರ್ ನನಗೆ ಹೇಳಿದ. ಪೈಲ್ವಾನನ ಎರಡೂ ಮುಂಗೈಗಳನ್ನು ಹಗ್ಗದಿಂದ ಬಿಗಿದು ತೊಲೆಗೆ ಎತ್ತಿದರು. ಕಾಲ ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಹೀರೋ ರಬ್ಬರಿನ ಲಾಠಿ ಹಿಡಿದು ಹೊಡೆದ. ಅದು ಮೈಗೆ ತಾಗಿದ ಕೂಡಲೇ ಬಳುಕಿತು. ಮತ್ತೆ ಹೊಡೆದ, ಮತ್ತೆ ಬಳುಕಿತು. ನಿರ್ದೇಶಕರು ಕ್ಯಾಮೆರಾದಿಂದ ಕಣ್ಣು ತೆಗೆದು, "ಹಾವು ಹಿಡಿದು ಹೊಡೆದಂತೆ ಕಾಣುತ್ತದೆ," ಎಂದರು.

ಹೊರಗೆ ಮೋಡ ಕಟ್ಟುತ್ತಿತ್ತು. ಮುರಿದ ತಗಡಿನ ಸಂದಿಯಿಂದ ಬೀಳುವ ಬಿಸಿಲನ್ನೇ ನೆಚ್ಚಿಕೊಂಡು ದೃಶ್ಯ ಹೊಂದಿಸಿದ್ದರು. ಬಿಸಿಲು ಬಂದಾಗ ಶಾಟ್, ಹೋದಾಗ ಕಾಯುವುದು. ಪ್ರತಿ ಸಲ ಬಿಚ್ಚಿ ಕಟ್ಟಿದರೆ ಹಗ್ಗದ ಜಾಗ ಬದಲಾಗುತ್ತದೆ ಎಂದು ಅವನನ್ನು ಹಾಗೆಯೇ ಬಿಟ್ಟಿದ್ದರು. ನಾನು ಹತ್ತಿರ ಹೋಗಿ ಬೆರಳು ಮುಟ್ಟಿ ನೋಡಿದೆ. ತಣ್ಣಗಿದ್ದವು, ಉಗುರುಗಳು ನೀಲಿಯಾಗುತ್ತಿದ್ದವು.

"ಇಳಿಸಿ. ಕೈಗೆ ರಕ್ತ ಹೋಗುತ್ತಿಲ್ಲ," ಎಂದು ಮಲಯಾಳದಲ್ಲಿ ಹೇಳಿದೆ.

"ಒಂದೇ ಶಾಟ್ ಮಗಳೇ. ಬಿಸಿಲು ಬಂದ ಕೂಡಲೇ," ಎಂದರು ನಿರ್ದೇಶಕರು.

"ಹೆಂಗೈತಿ ಕೈ?" ಎಂದು ಅವನನ್ನು ಕೇಳಿದೆ.

"ಜೋಮು ಹಿಡದೈತಿ, ಅಷ್ಟ. ಇರ್ಲಿ ಬಿಡ್ರಿ ಅಕ್ಕಾ," ಎಂದ. ಇಷ್ಟು ಜನ ತನಗಾಗಿ ಬಿಸಿಲು ಕಾಯುತ್ತಿರುವುದು ಅವನಿಗೆ ದೊಡ್ಡದಾಗಿ ಕಂಡಿತ್ತು.

ಆ ಹೊತ್ತಿಗೆ ಒಬ್ಬ ನಿಜವಾದ ಸಬ್ ಇನ್ಸ್‌ಪೆಕ್ಟರ್ ಅಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಆ ಸೀಮೆಯ ಯಾವುದೋ ಠಾಣೆಯವನು. ಬಂದೋಬಸ್ತು ನೋಡುವ ನೆಪದಲ್ಲಿ ದಿನವೂ ಬಂದು ಹೀರೋನ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದ. ರಬ್ಬರ್ ಲಾಠಿಯ ಅವಸ್ಥೆ ನೋಡಿ ಅವನಿಗೆ ನಗು ತಡೆಯಲಿಲ್ಲ. ಎದ್ದು ಬಂದು, ಕಾನ್‌ಸ್ಟೇಬಲ್ ಒಬ್ಬನ ಕೈಯಿಂದ ಬಿದಿರಿನ ಲಾಠಿ ತೆಗೆದುಕೊಂಡು, ನನ್ನ ಕಡೆ ತಿರುಗಿ, "ಸಿಸ್ಟರ್, ಇವರಿಗೆ ಹೇಳ್ರಿ. ಲಾಠಿ ಬೀಸೂದಂದ್ರ ಹೆಂಗ ಅಂತ ನಾ ತೋರಸ್ತೀನಿ," ಎಂದ.

ನಾನು ಹೇಳಲಿಲ್ಲ. "ಬ್ಯಾಡ್ರಿ ಸಾಹೇಬ್ರ, ಅವನ ಕೈ ಆಗ್ಲೇ ಬಾತೈತಿ," ಎಂದೆ. ಆದರೆ ಲಾಠಿ ಕೈಯಲ್ಲಿ ಹಿಡಿದು ನಿಂತವನ ಮಾತು ತಿಳಿಯಲು ಯಾರಿಗೂ ದುಭಾಷಿ ಬೇಕಿರಲಿಲ್ಲ. ನಿರ್ದೇಶಕರು ಅವನ ನಿಲುವು ನೋಡಿದರು, ತೋಳು ನೋಡಿದರು. ಅವನ ಮುಖ ಕಾಣದಂತೆ, ಲಾಠಿ ಹಿಡಿದ ಕೈ ಮಾತ್ರ ಕಾಣುವಂತೆ ಕ್ಯಾಮೆರಾ ಹೊಂದಿಸಿದರು. ಹೀರೋನ ಕೈಗಡಿಯಾರ ಬಿಚ್ಚಿಸಿ ಅವನ ಮುಂಗೈಗೆ ಕಟ್ಟಿಸಿದರು. ಅಷ್ಟರಲ್ಲಿ ಬಿಸಿಲೂ ಬಂತು.

ಮೊದಲ ಏಟು ತೊಡೆಗೆ ಬಿತ್ತು. ಆ ಸದ್ದು ಬೇರೆಯೇ ಇತ್ತು. ಲೈಟ್ ಹಿಡಿದಿದ್ದವರು, ಚಹಾ ಹಂಚುತ್ತಿದ್ದವರು ಎಲ್ಲರೂ ನಿಂತಲ್ಲೇ ನಿಂತರು. ಪೈಲ್ವಾನ ಒಮ್ಮೆ ನನ್ನ ಕಡೆ ನೋಡಿದ. ಇದೂ ಹೊಡೆದಂತೆ ಮಾಡುವುದೇ ಎಂದು ಕೇಳುವ ನೋಟ ಅದು. ನಂತರ ಎಣಿಸತೊಡಗಿದ. "ಒಂದು." ಎರಡನೆಯದು ಮೊಣಕಾಲಿನ ಕೆಳಗೆ. "ಎರಡು." ನಾನು ಕ್ಯಾಮೆರಾದ ಮುಂದೆ ಹೋಗಲು ಹೆಜ್ಜೆ ಇಟ್ಟಾಗ ಮ್ಯಾನೇಜರ್ ನನ್ನ ತೋಳು ಹಿಡಿದುಕೊಂಡ. ಸಬ್ ಇನ್ಸ್‌ಪೆಕ್ಟರನಿಗೆ ಹುಮ್ಮಸ್ಸು ಬಂದಿತ್ತು. ಪಾದ, ಪಕ್ಕೆ, ಮೇಲೆ ಎತ್ತಿ ಕಟ್ಟಿದ ತೋಳು. ಪೈಲ್ವಾನ ತಪ್ಪದೆ ಎಣಿಸಿದ. ಬಲತೋಳಿನ ಮೇಲೆ ಏಟು ಬಿದ್ದಾಗ ಒಣ ಸೌದೆ ಮುರಿದಂತೆ ಸದ್ದಾಯಿತು. ಆ ಅಂಕಿ ಮಾತ್ರ ಅವನ ಬಾಯಿಂದ ಅರ್ಧ ಹೊರಟು ನಿಂತಿತು. ಆಮೇಲೆ ಮುಂದಿನದನ್ನು ಹೇಳಿದ. ಕೂಗಲಿಲ್ಲ. ಕೂಗಿದರೆ ಶಾಟ್ ಕೆಟ್ಟೀತೆಂದು ಹೆದರಿದ್ದೆ ಎಂದು ಆಮೇಲೆ ಹೇಳಿದ.

ಕಟ್ ಎಂದಾಗ ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರಲ್ಲಿ ಸಿರುಗುಪ್ಪದಿಂದ ನೋಡಲು ಬಂದಿದ್ದ ನಮ್ಮ ಜನರೂ ಇದ್ದರು. ಸಬ್ ಇನ್ಸ್‌ಪೆಕ್ಟರ್ ಹಣೆಯ ಬೆವರು ಒರೆಸಿಕೊಂಡು, "ನಮ್ಮ ಠಾಣ್ಯಾಗ ಆಗಿದ್ರ ಇಷ್ಟೊತ್ತಿಗೆ ಅಜ್ಜ ಮುತ್ತಾತನ ಹೆಸರೂ ಹೇಳಿರ್ತಿದ್ದ," ಎಂದ. ಹೀರೋ ಬಾಗಿಲಲ್ಲಿ ನಿಂತು ಎಳನೀರು ಕುಡಿಯುತ್ತಿದ್ದ. ಪೈಲ್ವಾನನ ಕಡೆ ನೋಡಿ, "ಪಾವಂ," ಎಂದ. ಪಾಪ ಎಂದು ಅದರ ಅರ್ಥ. ಆಮೇಲೆ ಕಾರಿನಲ್ಲಿ ಹೋಗಿ ಕುಳಿತ.

ನಾನೇ ಹಗ್ಗ ಕೊಯ್ದೆ. ಕೈಗಳು ಎರಡು ಒದ್ದೆ ಬಟ್ಟೆಗಳಂತೆ ಕೆಳಗೆ ಬಿದ್ದವು. ಬಲತೋಳಿನ ಎಲುಬು ಮುರಿದಿದೆ ಎಂದು ತಿಳಿಯಲು ಎಕ್ಸ್‌ರೇ ಬೇಕಾಗಿರಲಿಲ್ಲ. ಕಟ್ಟಿಗೆಯ ಪಟ್ಟಿ ಕೊಟ್ಟು ಕಟ್ಟಿ, ಯೂನಿಟ್ಟಿನ ವ್ಯಾನಿನಲ್ಲೇ ಬಳ್ಳಾರಿಗೆ, ನಮ್ಮ ಆಸ್ಪತ್ರೆಗೆ ಕರೆತಂದೆ. ದಾರಿಯುದ್ದಕ್ಕೂ ಕಾಲುವೆಯ ಎರಡೂ ಕಡೆ ಭತ್ತದ ಗದ್ದೆ. ಅವನು ಕಿಟಕಿಗೆ ತಲೆ ಆನಿಸಿ ಒಂದೇ ಮಾತು ಕೇಳಿದ: "ಚಲೋ ಬಂತಂತಾ ಅಕ್ಕಾ, ಸೀನು?"

ಹೊಡೆತದ ಗಾಯವೆಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಹೇಳಿಕೆ ಬರೆದುಕೊಳ್ಳಲು ಒಬ್ಬ ಕಾನ್‌ಸ್ಟೇಬಲ್ ಬಂದ. ಅವನು ಬರುವ ಮೊದಲೇ ನಾನು ಪೈಲ್ವಾನನಿಗೆ ಹೇಳಿದ್ದೆ, ಇದ್ದದ್ದನ್ನು ಇದ್ದ ಹಾಗೆ ಹೇಳು, ನಾನು ಸಾಕ್ಷಿ ನಿಲ್ಲುತ್ತೇನೆ ಎಂದು. ಅವನ ಹೆಂಡತಿಯೂ ಹಾಸಿಗೆಯ ಪಕ್ಕ ಕುಳಿತು ಅದನ್ನೇ ಹೇಳಿದ್ದಳು. ಅವನು ತಲೆ ಅಲ್ಲಾಡಿಸಿ, "ಗಿರಣಿ ಅಟ್ಟದ ಮ್ಯಾಲಿಂದ ಬಿದ್ದೀನ್ರಿ," ಎಂದು ಬರೆಸಿದ.

ಕಾನ್‌ಸ್ಟೇಬಲ್ ಹೋದ ಮೇಲೆ ಹೆಂಡತಿ ಅವನ ಮೇಲೆ ಹರಿಹಾಯ್ದಳು. "ಯಾಕ್ ಹಂಗಂದಿ? ಅಂಜಿದ್ಯಾ?"

"ಕೇಸಾದ್ರ ಆ ಸೀನು ಕಿತ್ ಒಗೀತಾರ," ಎಂದ ಅವನು. "ಇಷ್ಟೆಲ್ಲಾ ಹೊಡಿಸಿಕೊಂಡಿದ್ದು ಎದಕ್ಕ ಮತ್ತ?"

 ಡಾಕ್ಟರಿಗೆ ನಾನು ಕಂಡದ್ದನ್ನು ಹೇಳಿದೆ. ಪೇಷಂಟೇ ಬಿದ್ದೆ ಎನ್ನುವಾಗ ತಾವೇನು ಮಾಡುವುದು ಎಂದರು. ಎಲುಬು ಕೂಡಿತು. ಆದರೆ ಹೊತ್ತುಗಟ್ಟಲೆ ನೇತಾಡಿದ್ದರಿಂದ ನರಕ್ಕೆ ಪೆಟ್ಟಾಗಿ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಬೆರಳುಗಳು ಒಳಕ್ಕೆ ಮಡಚಿಕೊಂಡವು. ತಂಬಿಗೆ ಹಿಡಿಯಲು ಬರುತ್ತಿತ್ತು, ಎತ್ತಲು ಬರುತ್ತಿರಲಿಲ್ಲ. ಯೂನಿಟ್ಟಿನವರು ಅಷ್ಟರಲ್ಲಿ ತಮ್ಮೂರಿಗೆ ಹೋಗಿಯಾಗಿತ್ತು. ಮ್ಯಾನೇಜರ್ ಹೋಗುವಾಗ ಒಂದು ಪೊಟ್ಟಣ ಬಾಳೆಕಾಯಿ ಚಿಪ್ಸ್ ಕೊಟ್ಟು ಹೋಗಿದ್ದ.

ಸಿನಿಮಾ ಬಳ್ಳಾರಿಗೆ ಬಂದಾಗ ಅವನು ಬರಲಿಲ್ಲ. ಊರಲ್ಲಿ ಗರಡಿಯ ಗೆಳೆಯರ ಜೊತೆ ನೋಡಬೇಕು, ಅಲ್ಲಿಯ ಟೆಂಟಿಗೆ ಬಂದೇ ಬರುತ್ತದೆ ಎಂದು ಕಾಯುತ್ತಿದ್ದ. ಹೆಂಡತಿ ತಡೆಯಲಾರದೆ ಬಸ್ ಹತ್ತಿ ಬಂದಳು. ಹೊಸ ಸೀರೆ ಉಟ್ಟಿದ್ದಳು. ನಾನು, ಅವಳು, ನನ್ನ ಇಬ್ಬರು ಗೆಳತಿಯರು ಹೆಂಗಸರ ಸಾಲಿನಲ್ಲಿ ಕುಳಿತೆವು. ಗುಡ್ಡದ ಮೇಲೆ ಗಂಡ ಓಡುವುದು ಕಂಡಾಗ ಅವಳು ನನ್ನ ಕೈ ಹಿಡಿದುಕೊಂಡಳು. "ನಮ್ಮ ಗುಡ್ಡ ನೋಡ್ರಿ ಅಕ್ಕಾ," ಎಂದಳು.

ಆಮೇಲೆ ಗಿರಣಿ ಬಂತು. ತೊಲೆಗೆ ಕಟ್ಟಿದ ಮೈ, ಬಿಸಿಲಿನ ಪಟ್ಟಿ, ಲಾಠಿ ಹಿಡಿದ ಕೈ. ಟಾಕೀಸಿನಲ್ಲಿ ಶಿಳ್ಳೆ ಶುರುವಾಯಿತು. ಏಟು ಬಿತ್ತು, ಪರದೆಯ ಮೇಲೆ ಅವನ ಬಾಯಿ ಆಡಿತು. ಬಂದ ದನಿ ಮಾತ್ರ ಅವನದಲ್ಲ. ಯಾರೋ ಒಬ್ಬನ ಕೀರಲು ದನಿ, ಹಂದಿ ಹಿಡಿಯುವಾಗ ಕೇಳಿಸುವಂಥದ್ದು. ಅದು ಅತ್ತಿತು, ಬಿಕ್ಕಿತು, ಗೋಗರೆಯಿತು. ಜನ ಮೊದಲು ನಕ್ಕರು, ಆಮೇಲೆ ಅದೇ ದನಿಯಲ್ಲಿ ಅಣಕಿಸತೊಡಗಿದರು. ಎಲುಬು ಮುರಿದ ಏಟು ಬಂದಾಗ ಮುಂದಿನ ಸಾಲಿನವನೊಬ್ಬ ಎದ್ದು ನಿಂತು, "ಇನ್ನೊಂದು," ಎಂದು ಕೂಗಿದ. ನನ್ನ ಗೆಳತಿ ಈ ಸಲ ಮುಖ ಮುಚ್ಚಿಕೊಂಡಿದ್ದಳು.

"ಏನಂತಾನ್ರೀ ಅವ?" ಎಂದು ಹೆಂಡತಿ ಕೇಳಿದಳು.

"ಆಮ್ಯಾಲ ಹೇಳ್ತೀನಿ."

"ಈಗ ಹೇಳ್ರಿ."

ಹೇಳಿದೆ. "ಬಿಟ್ಟುಬಿಡ್ರಿ ಅಂತಾನ. ಕಾಲಿಗೆ ಬೀಳ್ತೀನಿ, ನಾ ನಿಮ್ಮ ಮನಿ ನಾಯಿ ಅಂತಾನ. ತನ್ನ ಒಡೆಯ ಎಲ್ಲದಾನ ಅಂತ ಹೇಳ್ಲಿಕತ್ತಾನ." ಅವಳ ಕಡೆ ತಿರುಗಿ, "ಅದು ಅವನ ದನಿ ಅಲ್ಲ. ಅವ ಬರೇ ಎಣಿಸಿದ್ದ. ನಾ ಅಲ್ಲೇ ಇದ್ದೆ," ಎಂದೆ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನನ್ನ ಕೈಯನ್ನು ಮಾತ್ರ ಬಿಟ್ಟಳು. ಸಿನಿಮಾ ಮುಗಿಯುವ ತನಕ ನೆಟ್ಟಗೆ ಕುಳಿತಿದ್ದು, ಹೊರಗೆ ಬಂದ ಮೇಲೆ ಊಟಕ್ಕೂ ನಿಲ್ಲದೆ ಬಸ್ ನಿಲ್ದಾಣದ ಕಡೆ ನಡೆದಳು.

ಸಿನಿಮಾ ಮಲಯಾಳದಲ್ಲಿದ್ದಷ್ಟು ದಿನ ಕುರುಗೋಡಿಗೆ ಅದರ ಬಿಸಿ ತಾಗಲಿಲ್ಲ. ಕೆಲವು ತಿಂಗಳ ಮೇಲೆ ತೆಲುಗಿಗೆ ಡಬ್ ಆಗಿ ಟೆಂಟಿಗೆ ಬಂತು. ನಮ್ಮೂರಿನ ಗುಡ್ಡ, ನಮ್ಮೂರಿನ ಪೈಲ್ವಾನ ಎಂದು ಮೈಕಿನಲ್ಲಿ ಸಾರಿದರು. ಊರಿಗೆ ಊರೇ ಹೋಯಿತು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು, ಗರಡಿಯವರ ನಡುವೆ ಮುಂದೆ ಕುಳಿತಿದ್ದನಂತೆ. ಹೆಂಡತಿ ಬಳ್ಳಾರಿಯಲ್ಲಿ ಕಂಡದ್ದನ್ನು ಅವನಿಗೆ ಹೇಳಿರಲಿಲ್ಲ; ಅವನ ಆಸೆ ನೋಡಿ ಅವಳಿಗೆ ಬಾಯಿ ಬಂದಿರಲಿಲ್ಲ. ನಾನು ಅವತ್ತು ಅಲ್ಲಿರಲಿಲ್ಲ, ನನ್ನ ಅಣ್ಣ ಇದ್ದ. ಲಾಕಪ್ಪಿನ ದೃಶ್ಯದಲ್ಲಿ ಅದೇ ಅಳು ಈಗ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಬಂತು. "ಕಾಳ್ಳು ಮೊಕ್ಕುತಾ ಸಾಮಿ, ವದಿಲೆಯ್ಯಂಡಿ." ಕಾಲು ಹಿಡಿಯುತ್ತೇನೆ, ಬಿಟ್ಟುಬಿಡಿ ಎಂದು. ಟೆಂಟು ಹರಿಯುವಂತೆ ನಕ್ಕರು ಎಂದು ಅಣ್ಣ ಹೇಳಿದ. ಪೈಲ್ವಾನ ಎದ್ದು ನಿಂತು, "ಅದು ನಾ ಅಲ್ರೋ, ನಾ ಅಲ್ಲ," ಎಂದನಂತೆ. ಹಿಂದಿನವರು ಪರದೆ ಕಾಣುವುದಿಲ್ಲ, ಕೂಡು ಎಂದು ಕೂಗಿದರಂತೆ.

ಮರುದಿನದಿಂದ ಆ ಮಾತು ಅವನ ಹೆಸರಾಯಿತು. ಬಾವಿಕಟ್ಟೆ, ಚಹಾದಂಗಡಿ, ಬಸ್ಸು, ಎಲ್ಲೇ ಅವನು ಕಂಡರೂ ಯಾರಾದರೊಬ್ಬರು ಕೀರಲು ದನಿ ತೆಗೆಯುತ್ತಿದ್ದರು. ಅವನ ಕೈಯಿಂದ ಕುಸ್ತಿಯಲ್ಲಿ ಚಿತ್ತಾದವರಿಗೆ ಅದು ಹಬ್ಬ. ಗರಡಿಯ ಗುರುವನ್ನು ಊರಲ್ಲಿ ವಸ್ತಾದಿ ಎನ್ನುತ್ತಿದ್ದರು. ಕೈ ಹೋದರೂ ಹೊಸಬರಿಗೆ ಪಟ್ಟು ಕಲಿಸು ಎಂದು ಅವನನ್ನು ಇಟ್ಟುಕೊಂಡಿದ್ದ ಅದೇ ವಸ್ತಾದಿ ಈಗ ಗರಡಿಯ ಮಣ್ಣು ತುಳಿಯಬೇಡ ಎಂದ.

ಪೈಲ್ವಾನ ಬಳ್ಳಾರಿಗೆ ನನ್ನ ಕೋಣೆಯ ತನಕ ಬಂದ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತ. "ಅಕ್ಕಾ, ನೀವೊಬ್ರ ನೋಡಿದೋರು. ಬಂದು ಒಂದು ಮಾತು ಹೇಳ್ರಿ."

ಅವನ ಜೊತೆಗೇ ಊರಿಗೆ ಹೋದೆ. ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ. ವಸ್ತಾದಿಯನ್ನು ಹೊರಗೆ ಕರೆಸಿದೆವು. ಹಿಂಡಿದ ಹಾಗೆ ಮುರುಟಿದ ಕಿವಿಗಳ ಮುದುಕ. ನಾನು ಎಲ್ಲವನ್ನೂ ಹೇಳಿದೆ: ನಿಜವಾದ ಲಾಠಿ, ನಿಜವಾದ ಸಬ್ ಇನ್ಸ್‌ಪೆಕ್ಟರ್, ಇವನು ಎಣಿಸಿದ್ದು, ಒಮ್ಮೆಯೂ ಕೂಗದೆ ಇದ್ದದ್ದು, ದನಿ ಬೇರೆಯವರದು ಎಂದು.

ಮುದುಕ ಕೊನೆಯ ತನಕ ಕೇಳಿದ. "ಇರಬಹುದಮ್ಮ," ಎಂದ. "ನೀನು ಸುಳ್ಳಾಡಾಕಿ ಅಲ್ಲ. ಆದ್ರ ಒಂದ್ ಮಾತು. ಕೈ ಕಟ್ಟಿಸಿಕೊಂಡಾನಲ್ಲ, ಅದು ಯಾರು ಕಟ್ಟಿದ್ರು? ತಾನಾಗಿ ಮುಂದ ಚಾಚಿ ಕಟ್ಟಿಸಿಕೊಂಡಾನ. ನಮ್ಮ ಮಣ್ಣಾಗ ಆಡಿದವ ಕೈ ಕೊಡಬಾರದು. ಅತ್ತನೋ ಬಿಟ್ಟನೋ, ಅದು ನನಗ ಬ್ಯಾಡ."

ಪೈಲ್ವಾನ ನನ್ನ ಹಿಂದೆಯೇ ನಿಂತಿದ್ದ. ಬಗ್ಗಿ, ಹೊಸ್ತಿಲಿನ ಈಚೆಗೆ ಚೆಲ್ಲಿದ್ದ ಕೆಮ್ಮಣ್ಣನ್ನು ಎಡಗೈಯಿಂದ ಹಣೆಗೆ ಹಚ್ಚಿಕೊಳ್ಳಲು ಹೋದ. ಮುದುಕ ಕಾಲಿನಿಂದ ಆ ಮಣ್ಣನ್ನು ಒಳಕ್ಕೆ ಸರಿಸಿಕೊಂಡ.

ಅದಾದ ಮೇಲೆ ಅವರು ಕುರುಗೋಡಿನಲ್ಲಿ ನಿಲ್ಲಲಿಲ್ಲ. ಹೆಂಡತಿಯ ತವರಿಗೆ, ಸಿರುಗುಪ್ಪದ ಹತ್ತಿರದ ಹಳ್ಳಿಗೆ ಹೋದರು. ಅವಳು ಗಿರಣಿಯಲ್ಲಿ ಅಕ್ಕಿ ಕೇರುವ ಕೆಲಸ ಹಿಡಿದಳು. ಅವನಿಗೆ ಭತ್ತ ಒಣಹಾಕುವ ಕಣದಲ್ಲಿ ಗುಬ್ಬಿ, ಪಾರಿವಾಳ ಓಡಿಸುವ ಕೆಲಸ ಸಿಕ್ಕಿತು. ಒಂದು ಕೈ ಸಾಕು ಆ ಕೆಲಸಕ್ಕೆ. ಒಮ್ಮೆ ನಾನು ಹೋಗಿದ್ದೆ. ಮೈ ಕರಗಿ ಹೆಗಲಿನ ಎಲುಬು ಕಾಣುತ್ತಿತ್ತು. ಚಹಾ ತರಿಸಿದ. ಸಿನಿಮಾದ ಸುದ್ದಿ ಇಬ್ಬರೂ ಎತ್ತಲಿಲ್ಲ. ಹಕ್ಕಿ ಓಡಿಸಲು ಅವನು ಬಾಯಿಂದ ಸದ್ದು ಮಾಡುತ್ತಿರಲಿಲ್ಲ. ಡಬ್ಬಿಯನ್ನು ಕೋಲಿನಿಂದ ಬಡಿಯುತ್ತಿದ್ದ.

ದಶಕ ಮುಗಿಯುವ ಹೊತ್ತಿಗೆ ಆ ಸಬ್ ಇನ್ಸ್‌ಪೆಕ್ಟರ್ ನಮ್ಮ ವಾರ್ಡಿಗೆ ಬಂದ. ಆಗ ಬಡ್ತಿಯಾಗಿತ್ತು, ಹೊಟ್ಟೆ ಬಂದಿತ್ತು. ಎದೆನೋವು. ಮೊದಲ ರಾತ್ರಿ ಅವನು ತುಂಬ ಹೆದರಿದ್ದ, ನನ್ನ ಸೆರಗಿನ ಅಂಚು ಹಿಡಿದುಕೊಂಡು ಬಿಡಲೇ ಇಲ್ಲ. ಹೊತ್ತು ಹೊತ್ತಿಗೆ ಸೂಜಿ, ಗುಳಿಗೆ, ಎಲ್ಲವನ್ನೂ ನಾನೇ ಕೊಟ್ಟೆ. ನಾಲ್ಕನೆಯ ದಿನ ಎದ್ದು ಕುಳಿತು ಡಾಕ್ಟರ ಜೊತೆ ನಗತೊಡಗಿದ. ನನ್ನ ಗುರುತು ಅವನಿಗಿರಲಿಲ್ಲ. "ಆ ಪೊಲೀಸ್ ಪಿಕ್ಚರ್ ನೋಡೀರೇನು ಸಾರ್, ಎರಡನೇ ಪಾರ್ಟು? ಅದರಾಗ ಲಾಕಪ್ಪಿನ ಸೀನಿನಾಗ ಬರೂ ಕೈ ನಂದು," ಎಂದು ತನ್ನ ಬಲಗೈ ಎತ್ತಿ ತೋರಿಸಿದ. ಅದರಲ್ಲಿ ಸಲೈನಿನ ಸೂಜಿ ಇತ್ತು. "ಟೈಟಲ್ಲಿನಾಗ ಹೆಸರು ಹಾಕ್ಲಿಲ್ಲ ನೋಡ್ರಿ ಮಕ್ಕಳು. ಅದೊಂದು ಬ್ಯಾಸರ ಐತಿ."

"ಹೊಡೆಸಿಕೊಂಡವ ಹೆಂಗದಾನ, ಗೊತ್ತೇನ್ರಿ?" ಎಂದು ನಾನು ಕೇಳಿದೆ.

ಅವನು ನನ್ನ ಮುಖ ನೋಡಿದ. "ಯಾರು?" ಎಂದ. ಸ್ವಲ್ಪ ಯೋಚಿಸಿ, "ಓ, ಅವನಾ. ಚಲೋ ಮೈ ಇತ್ತು ಬಿಡ್ರಿ," ಎಂದು ಡಾಕ್ಟರ ಕಡೆ ತಿರುಗಿದ. ವಾರ ಕಳೆದು ಹಾರ ಹಾಕಿಸಿಕೊಂಡು ಮನೆಗೆ ಹೋದ.

ಕೆಲವು ತಿಂಗಳ ನಂತರ ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಪೈಲ್ವಾನನ ಹೆಂಡತಿ ಸಿಕ್ಕಳು. ತಲೆಯ ಮೇಲೆ ನುಚ್ಚಿನ ಬುಟ್ಟಿ. ಅವನು ಹೇಗಿದ್ದಾನೆ ಎಂದು ಕೇಳಿದೆ. ಹಾಗೇ ಇದ್ದಾನೆ ಎಂದಳು. ಸುದ್ದಿ ಮುಚ್ಚಿಡುವುದು ಸರಿಯೆನಿಸದೆ, ಆ ಸಬ್ ಇನ್ಸ್‌ಪೆಕ್ಟರ್ ನಮ್ಮ ಆಸ್ಪತ್ರೆಗೆ ಬಂದಿದ್ದ, ಎದೆನೋವಾಗಿತ್ತು ಎಂದೆ.

ಅವಳು ಬುಟ್ಟಿ ಕೆಳಗಿಳಿಸಿದಳು. "ಸತ್ತನೇನು?"

"ಇಲ್ಲ. ಆರಾಮಾಗಿ ಮನಿಗಿ ಹೋದ."

"ಯಾರು ನೋಡಿಕೊಂಡ್ರು?"

"ನಂದ ವಾರ್ಡು. ನಾನ ನೋಡಿಕೊಂಡೆ."

"ಸೂಜಿ ಗೀಜಿ ಎಲ್ಲಾ ನೀವ ಮಾಡಿದ್ರ್ಯಾ?"

"ಹ್ಞೂಂ. ಅದು ನನ್ನ ಕೆಲಸ," ಎಂದೆ.

ಅವಳು ನನ್ನನ್ನು ನೋಡುತ್ತಲೇ ಇದ್ದಳು. ಕಂಡಕ್ಟರ್ ಅವಳ ಹಳ್ಳಿಯ ಹೆಸರು ಕೂಗಿದ. ಅವಳು ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿದರೂ ಮುಖ ಈ ಕಡೆ ತಿರುಗಿಸಲಿಲ್ಲ. ಆಮೇಲೆ ಎಷ್ಟೋ ಸಲ ಅದೇ ನಿಲ್ದಾಣದಲ್ಲಿ ಎದುರಾದೆವು. ಅವಳು ನನ್ನ ಜೊತೆ ಮತ್ತೆ ಮಾತಾಡಲಿಲ್ಲ.